ಎಲ್ಲ ಪದ ಗೊತ್ತಿದ್ದರೂ ಒಂದೇ ವಾಕ್ಯಕ್ಕೆ ಎರಡು ಅರ್ಥ ಹೇಗೆ ಬರುತ್ತದೆ?

ಕೆಲವೊಮ್ಮೆ ಪದಕ್ಕೇ ಎರಡು ಅರ್ಥ ಇರುತ್ತದೆ. ‘ಅಂಜನಾದ್ರಿಯ ಮೆಟ್ಟಿಲು ಹತ್ತು’ ಅಂದರೆ ಏರು ಅಂತಲೂ ಆಯಿತು, ಇರುವುದೇ 10 ಮೆಟ್ಟಿಲು ಅಂತಲೂ ಆಯಿತು. (ಏರಿದವರನ್ನು ಕೇಳಿ, 500ಕ್ಕೂ ಜಾಸ್ತಿ ಇವೆ!)

ನಿಜವಾದ ಮಜಾ ಇರುವುದು ವಾಕ್ಯದ ರಚನೆಯಲ್ಲಿ. ಗಂಗಾವತಿಯಲ್ಲಿ ಯಾರಾದರೂ ‘ಹಳೇ ಅಕ್ಕಿ ಅಂಗಡಿ ಎಲ್ಲಿದೆ?’ ಎಂದು ಕೇಳಿದರೆ, ಹಳೆಯದು ಅಕ್ಕಿಯೋ ಅಂಗಡಿಯೋ? ಇಲ್ಲಿ ಯಾವ ಪದದ ಅರ್ಥವೂ ಬದಲಾಗಿಲ್ಲ. ‘ಹಳೇ ಅಕ್ಕಿ’ಯನ್ನು ಮೊದಲು ಜೋಡಿಸಿದರೆ ಒಂದು ಅರ್ಥ, ‘ಅಕ್ಕಿ ಅಂಗಡಿ’ಯನ್ನು ಮೊದಲು ಜೋಡಿಸಿದರೆ ಇನ್ನೊಂದು. ಅನ್ನ ಉದುರುದುರಾಗಲಿ ಅಂತ ಹಳೇ ಅಕ್ಕಿಯನ್ನೇ ಹುಡುಕುವವರು ಇದ್ದಾರಲ್ವಾ, ಹಾಗಾಗಿ ಈ ಗೊಂದಲ ಸುಮ್ನೆ ಹುಟ್ಟಿಸಿದ್ದಲ್ಲ. ಮಾತಿನಲ್ಲಿ ‘ಹಳೇ’ ಆದ ಮೇಲೆ ಚೂರು ನಿಲ್ಲಿಸಿದರೆ ಹಳೆಯದು ಅಂಗಡಿ ಅಂತ ತಿಳಿಯುತ್ತದೆ. ಬರೆಯುವಾಗ ‘ಅಕ್ಕಿಯ ಹಳೇ ಅಂಗಡಿ’ ಎಂದು ಪದಗಳ ಜಾಗ ಬದಲಿಸಬೇಕು.