ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ ಮಾಡುವವರು ದಿನವಿಡೀ ಏನು ಮಾಡುತ್ತಾರೆ?

ಹಾಸನದಲ್ಲಿ ಬಿಇ ಕೊನೆಯ ವರ್ಷದಲ್ಲಿದ್ದೀರಿ. ಐಐಎಸ್ಸಿಯಂಥ ಕಡೆ ಕಂಪ್ಯೂಟರ್ ಸೈನ್ಸ್ ಸಂಶೋಧನೆ ಅಂದರೆ ನಿಜವಾಗಿ ಏನು ಕೆಲಸ ಅಂತ ಕೇಳಿದ್ದೀರಿ. 'ಬರೀ ಕೋಡ್ ಬರೆಯೋದಾದರೆ ಕಂಪನಿಯಲ್ಲೇ ಬರೆಯಬಹುದಲ್ವಾ, ಸಂಬಳನೂ ಜಾಸ್ತಿ' ಅಂತಲೂ ಸೇರಿಸಿದ್ದೀರಿ. ನ್ಯಾಯವಾದ ಪ್ರಶ್ನೆ. ನಾನು ಬೆಂಗಳೂರಿನಲ್ಲೇ ಇನ್ನೊಂದು ಸಂಸ್ಥೆಯಲ್ಲಿ ಡೇಟಾಬೇಸ್ ವಿಷಯದಲ್ಲಿ ಪಿಎಚ್‌ಡಿ ಮಾಡಿದ್ದು. ಹಾಗಾಗಿ ನನಗೆ ಗೊತ್ತಿರುವ ಮೂಲೆಯಿಂದ ಹೇಳುತ್ತೇನೆ. ಥಿಯರಿಯವರ ದಿನಚರಿ ಬೇರೆ. ಅವರಿಗೆ ಒಂದು ಬೋರ್ಡು, ಮಾರ್ಕರ್ರು, ಆಗಾಗ ಕಾಫಿ ಇದ್ದರೆ ಸಾಕು.

ಕೋಡ್ ಬರೆಯುತ್ತೇವೆ, ನಿಜ. ಆದರೆ ಕಂಪನಿಯಲ್ಲಿ ಕೋಡ್ ಸರಿಯಾಗಿ ಓಡಿದರೆ ಹೆಚ್ಚುಕಡಿಮೆ ಕೆಲಸ ಮುಗಿದಂತೆ. ಇಲ್ಲಿ ಓಡಿದ ಮೇಲೆಯೇ ಕೆಲಸ ಶುರು. 'ನಮ್ಮ ವಿಧಾನ ಹಳೆಯದಕ್ಕಿಂತ ಮೂರು ಪಟ್ಟು ವೇಗ' ಅಂತ ಬರೆಯಬೇಕು ಅಂದುಕೊಳ್ಳಿ. ಆ ಮೂರು ಅನ್ನುವ ಅಂಕಿಯನ್ನು ಮೊದಲು ನಾವು ನಂಬಬೇಕು. ಆಮೇಲೆ ಗೈಡ್ ನಂಬಬೇಕು. ಕೊನೆಗೆ ನಮ್ಮನ್ನು ಎಂದೂ ನೋಡಿರದ ಮೂವರು ರಿವ್ಯೂವರ್‌ಗಳು, ಅಂದರೆ ಪೇಪರ್ ಪರಿಶೀಲಿಸುವವರು, ನಂಬಬೇಕು. ನನ್ನ ಪಿಎಚ್‌ಡಿಯ ಬಹುಪಾಲು ಹೋಗಿದ್ದು ಈ ನಂಬಿಸುವ ಕೆಲಸದಲ್ಲೇ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ರಾಜ್ಯದ 10 ಲಕ್ಷ ಜನರ ವಿಳಾಸ ಇರುವ ಒಂದು ಟೇಬಲ್ ಇದೆ. ಜಿಲ್ಲೆ ಮೈಸೂರು, ತಾಲೂಕು ನಂಜನಗೂಡು ಇರುವವರನ್ನು ಹುಡುಕಿ, ಇನ್ನೊಂದು ಟೇಬಲ್‌ನಿಂದ ಅವರ ಬಿಲ್‌ಗಳನ್ನು ತರಬೇಕು. ಇದನ್ನು ಮಾಡುವ ದಾರಿ ಒಂದೇ ಅಲ್ಲ. ಯಾವ ಟೇಬಲ್ ಮೊದಲು, ಇಂಡೆಕ್ಸ್ (ಬೇಗ ಹುಡುಕಲು ಮೊದಲೇ ಮಾಡಿಟ್ಟ ಸೂಚಿ) ಬಳಸಬೇಕಾ ಬೇಡವಾ, ಎರಡನ್ನೂ ಹೇಗೆ ಜೋಡಿಸುವುದು, ಇದನ್ನೆಲ್ಲ ಡೇಟಾಬೇಸ್‌ನ ಒಳಗಿರುವ ಆಪ್ಟಿಮೈಸರ್ ಅನ್ನುವ ಭಾಗ ಕ್ವೆರಿ (ನಾವು ಕೇಳಿದ ಪ್ರಶ್ನೆ) ಓಡುವ ಮೊದಲೇ ತೀರ್ಮಾನಿಸುತ್ತದೆ. ಅದಕ್ಕೆ ಎಷ್ಟು ಸಾಲು ಸಿಗಬಹುದು ಅನ್ನುವ ಅಂದಾಜು ಬೇಕು.

ಮೈಸೂರು ಜಿಲ್ಲೆಯವರು 100ಕ್ಕೆ 5 ಜನ, ನಂಜನಗೂಡಿನವರು 1000ಕ್ಕೆ 6 ಜನ ಅಂತಿಟ್ಟುಕೊಳ್ಳಿ. ಆಪ್ಟಿಮೈಸರ್ ಸುಮ್ನೆ ಎರಡನ್ನೂ ಗುಣಿಸುತ್ತದೆ. 10 ಲಕ್ಷದಲ್ಲಿ 300 ಸಾಲು ಅಂತ ಉತ್ತರ ಬರುತ್ತದೆ. ಆದರೆ ನಂಜನಗೂಡು ಇರುವುದೇ ಮೈಸೂರು ಜಿಲ್ಲೆಯಲ್ಲಿ ಅಲ್ವಾ? ನಿಜವಾಗಿ ಸಿಗುವುದು 6,000 ಸಾಲು. ಊರಿನ ಯಾರಿಗಾದರೂ ಗೊತ್ತಿರುವ ಈ ಸಂಗತಿ ಆಪ್ಟಿಮೈಸರ್‌ಗೆ ಗೊತ್ತಿಲ್ಲ. '300 ತಾನೇ, ಒಂದೊಂದೇ ಸಾಲು ಹಿಡಿದು ಇನ್ನೊಂದು ಟೇಬಲ್‌ನಲ್ಲಿ ಹುಡುಕೋಣ' ಅಂತ ಅದು ಹೊರಡುತ್ತದೆ. ಇದರ ಮೇಲೆ ಇನ್ನೂ ಎರಡು ಮೂರು ಟೇಬಲ್ ಸೇರಿದರೆ ತಪ್ಪು ತಪ್ಪನ್ನೇ ಗುಣಿಸುತ್ತಾ ಹೋಗುತ್ತದೆ. ಸೆಕೆಂಡುಗಳಲ್ಲಿ ಮುಗಿಯಬೇಕಾದ ಕ್ವೆರಿ ನಾವು ಊಟ ಮುಗಿಸಿ ಬಂದರೂ ಓಡುತ್ತಲೇ ಇರುತ್ತದೆ.

ಪ್ರತಿ ದಾರಿಗೆ ತಗಲುವ ವೆಚ್ಚವನ್ನು, ಅಂದರೆ ಮಷಿನ್ ಮಾಡಬೇಕಾದ ಕೆಲಸವನ್ನು, ಹೀಗೆ ಅಂದಾಜು ಮಾಡಿ ದಾರಿ ಆರಿಸುವ ಚೌಕಟ್ಟನ್ನು 1979ರಲ್ಲಿ ಐಬಿಎಂನ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ಪ್ರಕಟಿಸಿದರು. ಇವತ್ತಿನ ಡೇಟಾಬೇಸ್‌ಗಳ ಒಳಗೂ ಅದರದೇ ಬುನಾದಿ. ಅಷ್ಟು ಹಳೆಯ ವಿಷಯದಲ್ಲಿ ಇನ್ನೇನು ಉಳಿದಿದೆ ಅಂತ ನನಗೂ ಮೊದಲು ಅನ್ನಿಸಿತ್ತು.

ನೀವು ಐಐಎಸ್ಸಿ ಅಂದಿರಲ್ಲ, ಅಲ್ಲಿನದೇ ಒಂದು ಕೆಲಸ ನೋಡಿ. ಅಲ್ಲಿನ ಸಿಎಸ್‌ಎ (ಕಂಪ್ಯೂಟರ್ ಸೈನ್ಸ್ ಅಂಡ್ ಆಟೊಮೇಷನ್) ವಿಭಾಗ 1969ರಲ್ಲಿ ಸ್ಕೂಲ್ ಆಫ್ ಆಟೊಮೇಷನ್ ಅಂತ ಶುರುವಾಗಿದ್ದು. ಅಲ್ಲಿ ಪ್ರೊ. ಜಯಂತ್ ಹರಿತ್ಸ ಅವರ ಲ್ಯಾಬ್‌ನವರು 2005ರ ಹೊತ್ತಿಗೆ ಒಂದು ವಿಚಿತ್ರ ಕೆಲಸ ಮಾಡಿದರು. ಒಂದೇ ಕ್ವೆರಿ ತೆಗೆದುಕೊಂಡು, ಅದರಲ್ಲಿನ ಷರತ್ತುಗಳ ಬೆಲೆಗಳನ್ನು ಚೂರು ಚೂರೇ ಬದಲಿಸುತ್ತಾ ಆಪ್ಟಿಮೈಸರ್‌ಗೆ ಮತ್ತೆ ಮತ್ತೆ ಕೊಟ್ಟರು. ಅದು ಆರಿಸಿದ ಪ್ರತಿ ಪ್ಲಾನ್‌ಗೆ (ಕ್ವೆರಿ ಓಡಿಸುವ ದಾರಿಗೆ) ಒಂದೊಂದು ಬಣ್ಣ ಕೊಟ್ಟು ಚಿತ್ರ ಮಾಡಿದರು. ನಾಲ್ಕಾರು ದೊಡ್ಡ ಬಣ್ಣದ ತುಂಡು ಕಾಣಿಸುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ದೊಡ್ಡ ದೊಡ್ಡ ಕಂಪನಿಗಳ ಡೇಟಾಬೇಸ್‌ಗಳಿಂದ ಬಂದದ್ದು ಹತ್ತಾರು ಬಣ್ಣ, ಅಡ್ಡಾದಿಡ್ಡಿ ಪಟ್ಟಿ, ಅಲ್ಲಲ್ಲಿ ಚುಕ್ಕೆ. ಹಾಗಾಗಿ ಈ ಚಿತ್ರ ಬಿಡಿಸುವ ಟೂಲ್‌ಗೆ ಚಿತ್ರಕಾರ ಪಿಕಾಸೊನ ಹೆಸರನ್ನೇ ಇಟ್ಟರು. ವೆಚ್ಚದಲ್ಲಿ 20 ಪರ್ಸೆಂಟ್ ಹೆಚ್ಚಾದರೂ ಪರವಾಗಿಲ್ಲ ಅಂದರೆ ಇಷ್ಟೊಂದು ಪ್ಲಾನ್ ಬೇಡ, ಹತ್ತರ ಆಸುಪಾಸಿನಲ್ಲೇ ಸಾಕು ಅಂತ 2007ರಲ್ಲಿ ಅದೇ ಲ್ಯಾಬ್‌ನವರು ತೋರಿಸಿದರು. ಪಿಕಾಸೊದಿಂದ ಹೊಸ ಡೇಟಾಬೇಸ್ ಏನೂ ಹುಟ್ಟಲಿಲ್ಲ. ಎಲ್ಲರ ಕಣ್ಣೆದುರು ಇದ್ದದ್ದನ್ನು ಕೂತು ನೋಡಿದರು, ಅಷ್ಟೆ. ನನ್ನ ಪ್ರಕಾರ ಇದು ಒಳ್ಳೆಯ ಸಂಶೋಧನೆ.

2014ರಲ್ಲಿ ಅಲ್ಲಿಂದಲೇ ಇನ್ನೊಂದು ಬಂತು. ಅಂದಾಜು ಮಾಡುವುದನ್ನೇ ಬಿಟ್ಟರೆ ಹೇಗೆ? ಕ್ವೆರಿಯನ್ನು ಸಣ್ಣ ಬಜೆಟ್‌ನಲ್ಲಿ, ಅಂದರೆ ಇಷ್ಟೇ ಖರ್ಚು ಅನ್ನುವ ಮಿತಿ ಹಾಕಿ, ಓಡಿಸಿ. ಮುಗಿಯಲಿಲ್ಲವಾ? ನಿಲ್ಲಿಸಿ, ಬಜೆಟ್ ಎರಡು ಪಟ್ಟು ಮಾಡಿ, ಆ ಬಜೆಟ್‌ಗೆ ಹೊಂದುವ ಪ್ಲಾನ್ ಓಡಿಸಿ. ಗೊತ್ತಿಲ್ಲದ ಅಂಶ ಒಂದೇ ಇದ್ದರೆ, ಎಷ್ಟೇ ಕೆಟ್ಟರೂ ಸರಿಯಾದ ಪ್ಲಾನ್‌ನ ನಾಲ್ಕು ಪಟ್ಟಿಗಿಂತ ಜಾಸ್ತಿ ಖರ್ಚಾಗಲ್ಲ ಅಂತ ಅವರು ಸಾಧಿಸಿ ತೋರಿಸಿದರು. ಗಣಿತ ಎಷ್ಟು ಬೇಕು ಅಂತ ಹೆದರುತ್ತೀರೇನೋ. ನಿಜವಾದ ಖರ್ಚು 8ಕ್ಕಿಂತ ಸ್ವಲ್ಪ ಜಾಸ್ತಿ ಅಂದುಕೊಳ್ಳಿ. 1, 2, 4, 8 ದಂಡ. 16ರಲ್ಲಿ ಮುಗಿಯುತ್ತದೆ. ಒಟ್ಟು 31. ಎಂಟರ ನಾಲ್ಕು ಪಟ್ಟು 32. ಪಿಯುಸಿ ಲೆಕ್ಕ! ಗೊತ್ತಿಲ್ಲದ ಅಂಶಗಳು ಹೆಚ್ಚಾದಾಗ ಇಷ್ಟು ಸಲೀಸಿಲ್ಲ ಅನ್ನಿ. ಹರಿತ್ಸ ಅವರಿಗೆ ಅದೇ ವರ್ಷ ಇನ್ಫೋಸಿಸ್ ಪ್ರಶಸ್ತಿಯೂ ಬಂತು.

ಈಗ ದಿನವಿಡೀ ಏನು ಅನ್ನುವುದಕ್ಕೆ ಬರುತ್ತೇನೆ. ಅದೇ ಕ್ವೆರಿ, ಅದೇ ಮಷಿನ್. ಬೆಳಿಗ್ಗೆ ಒಂದು ಟೈಮ್, ಸಂಜೆ ಇನ್ನೊಂದು. ಎರಡನೇ ಸಲ ಡೇಟಾ ಆಗಲೇ ಮೆಮೊರಿಯಲ್ಲಿ ಕೂತಿರುತ್ತದೆ. ಅಥವಾ ಲ್ಯಾಬ್‌ನಲ್ಲಿ ಇನ್ಯಾರೋ ಅದೇ ಸರ್ವರ್‌ನಲ್ಲಿ ಮಾಡೆಲ್ ಟ್ರೇನ್ ಮಾಡುತ್ತಿರುತ್ತಾರೆ. ಅಥವಾ ಪ್ರೊಸೆಸರ್ ತಣ್ಣಗಿದ್ದಾಗ ತಾನಾಗಿಯೇ ಸ್ಪೀಡ್ ಏರಿಸಿಕೊಂಡಿರುತ್ತದೆ. ಆದ್ದರಿಂದ ಪ್ರತಿ ಸಲ ಮೆಮೊರಿಯಲ್ಲಿ ಉಳಿದ ಡೇಟಾ (ಕ್ಯಾಶ್) ಖಾಲಿ ಮಾಡು, ಸ್ಪೀಡ್ ಏರಿಸುವ ಟರ್ಬೊ ಆಫ್ ಮಾಡು, ಪ್ರೋಗ್ರಾಮನ್ನು ಒಂದೇ ಕೋರ್‌ಗೆ ಕಟ್ಟಿಹಾಕು, ಡೇಟಾಬೇಸ್ ತಾನಾಗಿಯೇ ಕಸ ಗುಡಿಸುವ ಆಟೊವ್ಯಾಕ್ಯೂಮ್ ನಿಲ್ಲಿಸು, ಹಲವು ಸಲ ಓಡಿಸಿ ನಡುವಿನ ಬೆಲೆ ತೆಗೆ. ಇಷ್ಟಾದರೂ ನೆಮ್ಮದಿ ಇಲ್ಲ. ಯುನಿಕ್ಸ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ (ಲಾಗಿನ್ ಹೆಸರಿನಂಥ ಸಣ್ಣ ಮಾಹಿತಿಗಳ) ಒಟ್ಟು ಉದ್ದ ಬದಲಾದರೆ ಸಾಕು, ಪ್ರೋಗ್ರಾಮ್‌ನ ವೇಗ ಬದಲಾಗಬಹುದು ಅಂತ 2009ರಲ್ಲಿ ಒಂದು ಪೇಪರ್ ಬಂದಿತ್ತು. ಮೆಮೊರಿಯಲ್ಲಿ ಪ್ರೋಗ್ರಾಮ್‌ನ ಸ್ಟ್ಯಾಕ್ ಶುರುವಾಗುವ ಜಾಗ ಸರಿಯುತ್ತದೆ, ಅದಕ್ಕೆ. ಅಂದರೆ ನಿಮ್ಮ ಲಾಗಿನ್ ಹೆಸರು ಉದ್ದ, ನನ್ನದು ಗಿಡ್ಡ ಅಂದರೂ ರಿಸಲ್ಟ್ ಬೇರೆ ಬರುವ ಸಂಭವ ಇದೆ. ಮೊದಲ ಸಲ ಓದಿದಾಗ ತಮಾಷೆ ಅನ್ನಿಸಿತು, ಆಮೇಲೆ ನಿದ್ದೆ ಬರಲಿಲ್ಲ.

ಇನ್ನೊಂದು ದೊಡ್ಡ ತಲೆನೋವು ಹೋಲಿಕೆ. 'ಹಳೆಯ ವಿಧಾನಕ್ಕಿಂತ ಚೆನ್ನಾಗಿದೆ' ಅನ್ನಬೇಕಾದರೆ ಹಳೆಯದನ್ನು ಓಡಿಸಬೇಕಲ್ಲ. ಆ ಕೋಡ್ ಕಂಪೈಲ್ ಆಗಲ್ಲ. ಯಾವುದೋ ಹಳೇ ಉಬುಂಟು ಬೇಕು. ಬರೆದವರಿಗೆ ಮೇಲ್ ಹಾಕಿದರೆ ಅವರು ಕಂಪನಿ ಸೇರಿ ವರ್ಷಗಳಾಗಿರುತ್ತವೆ. ಹೇಗೋ ಓಡಿಸಿದರೂ ಅದಕ್ಕೆ ಸರಿಯಾದ ಸೆಟ್ಟಿಂಗ್ ಕೊಡಬೇಕು, ಇಲ್ಲದಿದ್ದರೆ ಮೋಸ. ಪೋಸ್ಟ್‌ಗ್ರೆಸ್ ಅನ್ನುವ ಉಚಿತ ಡೇಟಾಬೇಸ್‌ನ ಶೇರ್ಡ್ ಬಫರ್ (ಡೇಟಾ ಇಟ್ಟುಕೊಳ್ಳುವ ಮೆಮೊರಿ) ಡಿಫಾಲ್ಟ್ ಆಗಿ ಬರುವುದು 128 ಎಂಬಿ ಮಾತ್ರ. ಲ್ಯಾಬ್‌ನ ದೊಡ್ಡ ಸರ್ವರ್ ಮೇಲೆ ಅದನ್ನು ಹಾಗೇ ಬಿಟ್ಟು 'ಗೆದ್ದೆವು' ಅಂದರೆ ರಿವ್ಯೂವರ್ ಬಿಡುತ್ತಾರಾ?

ಪೇಪರ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮಲ್ಲಿ ಜರ್ನಲ್‌ಗಿಂತ ಕಾನ್ಫರೆನ್ಸ್‌ಗೇ ಬೆಲೆ. ಡೇಟಾಬೇಸ್‌ನವರಿಗೆ ಸಿಗ್‌ಮಾಡ್ ಮತ್ತು ವಿಎಲ್‌ಡಿಬಿ ಮುಖ್ಯ. ಡೆಡ್‌ಲೈನ್ ಎಷ್ಟೋ ಸಲ 'ಭೂಮಿ ಮೇಲೆ ಎಲ್ಲಾದರೂ ಆ ತಾರೀಖು ಇರುವ ತನಕ' ಅಂತ ಇರುತ್ತದೆ. ನಮ್ಮ ಗಡಿಯಾರಕ್ಕೆ ಅದು ಮರುದಿನ ಸಂಜೆ ಐದೂವರೆ. ರಾತ್ರಿಯೆಲ್ಲ ಎದ್ದಿದ್ದವರಿಗೆ ಇನ್ನೊಂದು ಹಗಲು ಫ್ರೀ! ತಿರಸ್ಕಾರ ಮಾಮೂಲು. ನನ್ನ ಒಂದು ಪೇಪರ್‌ಗೆ ಒಬ್ಬರು 'ಇದು ಎಲ್ಲರಿಗೂ ಗೊತ್ತಿರುವುದೇ' ಅಂತ ಬರೆದರು, ಇನ್ನೊಬ್ಬರು 'ಇದು ಸಾಧ್ಯವೇ ಇಲ್ಲ' ಅಂತ. ಇಬ್ಬರಿಗೂ ವಿನಯದಿಂದ ಉತ್ತರ ಬರೆಯುವುದೂ ಕೆಲಸವೇ.

ದುಡ್ಡಿನ ಮಾತು ಮನೆಯಲ್ಲಿ ಬಂದೇ ಬರುತ್ತದೆ. 2023ರ ಜನವರಿಯಿಂದ ಕೇಂದ್ರದ ಫೆಲೋಶಿಪ್ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಕ್ಯಾಂಪಸ್ ಪ್ಲೇಸ್‌ಮೆಂಟ್‌ನಲ್ಲಿ ಒಳ್ಳೆ ಆಫರ್ ಸಿಕ್ಕ ಗೆಳೆಯರ ಸಂಬಳದ ಜೊತೆ ಹೋಲಿಸಬೇಡಿ. ಬಿಇ ಆದವರು ಐಐಎಸ್ಸಿಯಲ್ಲಿ ನೇರವಾಗಿ ಪಿಎಚ್‌ಡಿಗೂ ಅರ್ಜಿ ಹಾಕಬಹುದು, ಗೇಟ್ ಪರೀಕ್ಷೆ ಬರೆದಿಟ್ಟುಕೊಳ್ಳಿ. ಇಂಟರ್‌ವ್ಯೂಗೆ ಎಲ್ಲ ಸಬ್ಜೆಕ್ಟ್ ಮೇಲುಮೇಲೆ ಓದುವುದಕ್ಕಿಂತ ಎರಡನ್ನು ತಳದ ತನಕ ಓದಿಕೊಳ್ಳುವುದು ವಾಸಿ.

ಇದು ನಿಮಗೆ ಹಿಡಿಸುತ್ತದಾ ಅಂತ ನೋಡಬೇಕಾದರೆ ಬೆಂಗಳೂರಿಗೆ ಬರಬೇಕಾಗಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಪೋಸ್ಟ್‌ಗ್ರೆಸ್ ಹಾಕಿಕೊಳ್ಳಿ. ಜಿಲ್ಲೆ, ತಾಲೂಕು ಇರುವ ಒಂದು ಟೇಬಲ್ ಮಾಡಿ, ಒಂದು ಸ್ಕ್ರಿಪ್ಟ್‌ನಿಂದ ಲಕ್ಷಗಟ್ಟಲೆ ಸಾಲು ತುಂಬಿ. ಮೇಲಿನ ಕ್ವೆರಿಗೆ ಎಕ್ಸ್‌ಪ್ಲೇನ್ ಅನಲೈಸ್ ಕೊಡಿ. ಅಂದಾಜು ಸಾಲು, ನಿಜವಾದ ಸಾಲು ಎರಡೂ ಪಕ್ಕಪಕ್ಕದಲ್ಲೇ ಕಾಣುತ್ತವೆ. ಆಮೇಲೆ ಆ ಎರಡು ಕಾಲಮ್‌ಗಳ ಮೇಲೆ ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಕೊಟ್ಟು, ಟೇಬಲ್‌ಗೆ ಅನಲೈಸ್ ಓಡಿಸಿ, ಮತ್ತೆ ನೋಡಿ. 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಈ ಕಮಾಂಡ್ ಇದೆ. ಅಂದಾಜು ಸರಿಹೋಗುತ್ತದೆ. ಈಗ ತಾಲೂಕನ್ನು ಇನ್ನೊಂದು ಟೇಬಲ್‌ಗೆ ಸಾಗಿಸಿ, ಜಾಯಿನ್ ಮಾಡಿ ನೋಡಿ. ಆ ಕಮಾಂಡ್ ಕೆಲಸಕ್ಕೆ ಬರಲ್ಲ, ಯಾಕೆಂದರೆ ಅದು ಒಂದೇ ಟೇಬಲ್‌ನ ಒಳಗಿನ ನಂಟನ್ನು ಮಾತ್ರ ಗುರುತಿಸುತ್ತದೆ. ಎರಡು ಟೇಬಲ್‌ಗಳ ನಡುವೆ ಇಂಥ ನಂಟು ಇದ್ದಾಗ ಏನು ಮಾಡಬೇಕು ಅನ್ನುವುದರ ಮೇಲೆ ಈಗಲೂ ಪೇಪರ್‌ಗಳು ಬರುತ್ತಲೇ ಇವೆ. ನಿಮಗೇನಾದರೂ ಹೊಳೆದರೆ ಇಲ್ಲೇ ಕೆಳಗೆ ಬರೆಯಿರಿ, ನೋಡೋಣ.