ಯಾರೂ ಕೇಳದಿದ್ದರೂ ಎರಡು ಸುತ್ತು ಯಾಕೆ?

ಓದುಗರ ಪತ್ರದ ಸಾರ: ನನ್ನ ತಮ್ಮನ ಮಗಳು ಹೈದರಾಬಾದಿನ ಹುಸೇನ್ ಸಾಗರದಲ್ಲಿ ಆಪ್ಟಿಮಿಸ್ಟ್ (ಮಕ್ಕಳು ಒಬ್ಬೊಬ್ಬರೇ ನಡೆಸುವ ಪುಟ್ಟ ದೋಣಿ) ಹಾಯಿದೋಣಿ ಕಲಿಯುತ್ತಿದ್ದಾಳೆ. ರೇಸೊಂದರಲ್ಲಿ ಐದನೆಯವಳಾಗಿ ಹೋಗುತ್ತಿದ್ದವಳು, ಇನ್ನೊಂದು ದೋಣಿಗೆ ಅಡ್ಡ ಬಂದೆನೆಂದು ತಾನಾಗಿಯೇ ದಂಡವಾಗಿ ದೋಣಿಯನ್ನು ಎರಡು ಸುತ್ತು ತಿರುಗಿಸಿ ಹನ್ನೆರಡಕ್ಕೆ ಇಳಿದಳು. ದೋಣಿಗಳು ತಾಗಲಿಲ್ಲ, ಯಾರೂ ಪ್ರೊಟೆಸ್ಟ್ (ರೇಸಿನ ಬಳಿಕ ವಿಚಾರಣೆಗೆ ಹೋಗುವ ದೂರು) ಅನ್ನಲೂ ಇಲ್ಲ. ವಿಶ್ವನಾಥ್ ಅವರು ಇಂಗ್ಲೆಂಡಿನ ಬಾಬ್ ಟೇಲರ್‌ನನ್ನು ವಾಪಸ್ ಕರೆದು ಪಂದ್ಯ ಕೈಬಿಟ್ಟ ಹಾಗಾಯಿತಲ್ಲ! ಆಟದಲ್ಲಿ ಇಷ್ಟು ಒಳ್ಳೆಯತನ ಬೇಕೆ? – ಮೂಡಿಗೆರೆಯ ಓದುಗರು

ಸಂಪಾದಕರ ಉತ್ತರ:

ನಮ್ಮ ಭದ್ರಾವತಿಯ ವಿಶ್ವನಾಥ್ ಅವರನ್ನು ನೆನೆಸಿಕೊಂಡಿದ್ದು ಸಂತೋಷ. ಆದರೆ ಹೋಲಿಕೆ ಕೂಡುವುದಿಲ್ಲ. 1980ರ ಮುಂಬೈ ಟೆಸ್ಟ್‌ನಲ್ಲಿ ಟೇಲರ್ ಔಟ್ ಎಂದು ಅಂಪೈರ್ ಬೆರಳೆತ್ತಿಯಾಗಿತ್ತು. ನಾಯಕ ವಿಶ್ವನಾಥ್ ಸುಮ್ಮನಿದ್ದಿದ್ದರೂ ಯಾವ ನಿಯಮವೂ ಮುರಿಯುತ್ತಿರಲಿಲ್ಲ. ಅವರು ಕರೆದರು, ಟೇಲರ್ ಬೋಥಮ್ ಜೊತೆ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಅದು ದೊಡ್ಡತನ. ನಿಮ್ಮ ತಮ್ಮನ ಮಗಳು ಮಾಡಿದ್ದು ಸಾಲ ತೀರಿಸಿದ್ದು, ಅದೂ ಬಡ್ಡಿ ಏರುವ ಮೊದಲೇ.

ನೀವು ಬರೆದಿರುವ ಪ್ರಕಾರ ಅವಳಿದ್ದದ್ದು ಪೋರ್ಟ್ ಟ್ಯಾಕ್‌ನಲ್ಲಿ, ಅಂದರೆ ಗಾಳಿ ಎಡಮಗ್ಗುಲಿಂದ ಬರುತ್ತಿತ್ತು. ಎದುರಿನ ದೋಣಿ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿತ್ತು, ಅಂದರೆ ಅದಕ್ಕೆ ಗಾಳಿ ಬಲಮಗ್ಗುಲಿಂದ. ರೇಸಿಂಗ್ ನಿಯಮ 10ರ ಪ್ರಕಾರ ಪೋರ್ಟ್‌ನವರು ದೂರ ಸರಿಯಬೇಕು. ‘ತಾಗಲಿಲ್ಲವಲ್ಲ’ ಅನ್ನುವ ವಾದಕ್ಕೆ ಇಲ್ಲಿ ಬೆಲೆಯಿಲ್ಲ. ದಾರಿಯ ಹಕ್ಕಿರುವ ದೋಣಿ ತಪ್ಪಿಸಿಕೊಳ್ಳಲು ಏನೂ ಮಾಡಬೇಕಾಗದೆ ತನ್ನ ದಾರಿಯಲ್ಲಿ ಹೋಗುವಂತಿದ್ದರೆ ಮಾತ್ರ ನೀವು ದೂರ ಸರಿದ ಹಾಗೆ. ಆ ದೋಣಿಯ ಹುಡುಗ ಟಿಲ್ಲರ್ (ಚುಕ್ಕಾಣಿಯ ಹಿಡಿಕೋಲು) ಎಳೆದು ಇವಳ ಹಿಂದಿನಿಂದ ಹಾದುಹೋದ ಅಂದಿದ್ದೀರಿ. ಅಲ್ಲಿಗೆ ತಪ್ಪು ಪೂರ್ತಿಯಾಯಿತು.

ಈ ಆಟದಲ್ಲಿ ಸಾಮಾನ್ಯವಾಗಿ ಪ್ರತಿ ದೋಣಿಯ ಹಿಂದೆ ಅಂಪೈರ್ ಇರುವುದಿಲ್ಲ. ನಿಯಮ ಮುರಿದವರು ತಡಮಾಡದೆ ತಾವಾಗಿಯೇ ತಕ್ಕ ದಂಡ ತೆರಬೇಕು, ಬೇಕಾದರೆ ರೇಸನ್ನೇ ಬಿಡಬೇಕು ಎಂಬ ಮಾತು ನಿಯಮ ಪುಸ್ತಕದ ಆರಂಭದಲ್ಲೇ ಇದೆ. ಯಾರಾದರೂ ಕೂಗಿದರೆ ಮಾತ್ರ ಎಂದಿಲ್ಲ. ತಪ್ಪು ಗೊತ್ತಿದ್ದೂ ಜಾರಿಕೊಂಡರೆ ಅದು ನಿಯಮ 2ರ, ಅಂದರೆ ನ್ಯಾಯದ ಆಟದ, ಪ್ರಶ್ನೆಯಾಗುತ್ತದೆ. ಮಾಮೂಲಿ ಅನರ್ಹತೆಯನ್ನು ಸರಣಿಯ ಕೊನೆಗೆ ‘ಕೆಟ್ಟ ಅಂಕ’ ಎಂದು ಕೈಬಿಡಬಹುದು. ನಿಯಮ 2ರಲ್ಲಿ ಸಿಕ್ಕಿದ್ದನ್ನು ಕೈಬಿಡಲಾಗದಂತೆ ವಿಧಿಸಬಹುದು.

ಒಳ್ಳೆಯತನವನ್ನು ಕೂಡ ನಿಯಮವಾಗಿ ಬರೆದಿಟ್ಟ ಆಟ ಇದು. 1988ರ ಸೋಲ್ ಒಲಿಂಪಿಕ್ಸ್‌ನ ಹಾಯಿದೋಣಿ ರೇಸುಗಳು ಬುಸಾನಿನಲ್ಲಿ ನಡೆದಾಗ, ಎರಡನೇ ಸ್ಥಾನದಲ್ಲಿದ್ದ ಕೆನಡಾದ ಲಾರೆನ್ಸ್ ಲೆಮ್ಯೂ ನೀರಿಗೆ ಬಿದ್ದಿದ್ದ ಸಿಂಗಪುರದವರನ್ನು ಎತ್ತಲು ದೋಣಿ ತಿರುಗಿಸಿದರು. ಅಪಾಯದಲ್ಲಿದ್ದವರಿಗೆ ನೆರವಾಗುವುದು ಕಡ್ಡಾಯ, ಹಾಗೆ ಕಳಕೊಂಡ ಸ್ಥಾನಕ್ಕೆ ಪರಿಹಾರವೂ ಉಂಟು. ಆ ರೇಸಿನ ಎರಡನೇ ಸ್ಥಾನವನ್ನು ಅವರಿಗೇ ಕೊಟ್ಟರು.

ಇನ್ನು ಲೆಕ್ಕ. ಇಲ್ಲಿ ಕಡಿಮೆ ಅಂಕ ಒಳ್ಳೆಯದು: ಮೊದಲನೆಯವರಿಗೆ 1, ಹನ್ನೆರಡನೆಯವರಿಗೆ 12. ಸರಣಿಗೆ 40 ದೋಣಿ ಹೆಸರು ಕೊಟ್ಟಿದ್ದರೆ ಅನರ್ಹರಾದವರಿಗೆ 41. ಅವಳು ತೆತ್ತದ್ದು ಏಳು ಅಂಕ. ವಿಚಾರಣೆಯಲ್ಲಿ ಸೋತಿದ್ದರೆ ಮೂವತ್ತಾರು. ಕೆಲವು ರೆಗಾಟಾಗಳಲ್ಲಿ (ಹಾಯಿದೋಣಿ ಕೂಟಗಳಲ್ಲಿ) ರೇಸ್ ಮುಗಿದ ಮೇಲೆ, ವಿಚಾರಣೆಗೆ ಮುಂಚೆ, ಶೇ 30ರ ದಂಡ ಒಪ್ಪಿಕೊಳ್ಳುವ ಅವಕಾಶವಿರುತ್ತದೆ. ಅಲ್ಲೂ 41ರ ಶೇ 30 ಎಂದು 12 ಅಂಕ ಕೂಡಿ ಐದು ಹದಿನೇಳಾಗುತ್ತಿತ್ತು. ನೀರಿನ ಮೇಲೇ ತೀರಿಸಿದ್ದು ಅಗ್ಗ.

ಅಗ್ಗವಾಗಬೇಕಾದರೆ ಸುತ್ತು ಸರಿಯಾಗಿರಬೇಕು. ಮಕ್ಕಳು ಎಡವುವುದು ಇಲ್ಲಿಯೇ. ಮೊದಲು ಉಳಿದ ದೋಣಿಗಳಿಂದ ಚೆನ್ನಾಗಿ ದೂರ ಸರಿಯಬೇಕು, ಆದರೆ ಕೂಡಲೇ. ‘ಮುಂದಿನ ಬೋಯ್ (ರೇಸಿನ ದಾರಿ ತೋರಿಸುವ ತೇಲುಗುರುತು) ದಾಟಿ ಹಾಕುತ್ತೇನೆ’ ಅಂದರೆ ಆ ಸುತ್ತು ಲೆಕ್ಕಕ್ಕಿಲ್ಲ. ಸುತ್ತುವಾಗ ನೀವೇ ಎಲ್ಲರಿಗೂ ದಾರಿ ಬಿಡಬೇಕು. ಎರಡೂ ಸುತ್ತು ಒಂದೇ ದಿಕ್ಕಿಗೆ, ಒಂದರ ಬೆನ್ನಿಗೆ ಒಂದು. ಪ್ರತಿ ಸುತ್ತಿನಲ್ಲೂ ಒಂದು ಟ್ಯಾಕ್ (ಮೂತಿ ಗಾಳಿಯನ್ನು ಹಾದು ತಿರುಗುವುದು), ಒಂದು ಜೈಬ್ (ಹಿಂಭಾಗ ಗಾಳಿಯನ್ನು ಹಾದು ತಿರುಗುವುದು) ಇರಲೇಬೇಕು. ಬೋಯ್ ಮುಟ್ಟಿದ ತಪ್ಪಿಗೆ ಮಾತ್ರ ಒಂದೇ ಸುತ್ತು ಸಾಕು. ಇನ್ನೊಬ್ಬರಿಗೆ ಗಾಯವೋ ದೋಣಿಗೆ ದೊಡ್ಡ ಹಾನಿಯೋ ಆಗಿದ್ದರೆ ಎಷ್ಟು ಸುತ್ತಿದರೂ ತೀರದು, ರೇಸ್ ಬಿಡಬೇಕು.

ಗಾಳಿಗೆ ಎದುರಾಗಿ ಹೋಗುತ್ತಿದ್ದರೆ ಟ್ಯಾಕ್‌ನಿಂದ ಶುರುಮಾಡುವುದು ಸಲೀಸು, ಗಾಳಿಯ ಜೊತೆ ಹೋಗುತ್ತಿದ್ದರೆ ಜೈಬ್‌ನಿಂದ. ಟ್ಯಾಕ್ ಮುಗಿದ ಕೂಡಲೇ ಹಾಯಿಯನ್ನು ಹಿಡಿದಿಡುವ ಮೇನ್‌ಶೀಟ್ ಹಗ್ಗ ಧಾರಾಳವಾಗಿ ಸಡಿಲಬೇಕು. ಬಿಗಿಹಿಡಿದರೆ ಹಾಯಿಯೇ ದೋಣಿಯನ್ನು ಮತ್ತೆ ಗಾಳಿಯತ್ತ ಎಳೆಯುತ್ತದೆ. ಆಗ ಮಕ್ಕಳು ಗಾಬರಿಯಿಂದ ಟಿಲ್ಲರನ್ನು ಪೂರ್ತಿ ಮೂಲೆಗೆ ಒತ್ತುತ್ತಾರೆ, ಅಡ್ಡ ನಿಂತ ಚುಕ್ಕಾಣಿ ಬ್ರೇಕ್ ಹಾಕಿದಂತೆ ದೋಣಿಯನ್ನು ನಿಲ್ಲಿಸಿಬಿಡುತ್ತದೆ. ಕೆಲಸ ಮಾಡಬೇಕಾದ್ದು ಮೈಭಾರ: ಗಾಳಿಯತ್ತ ಏರುವಾಗ ದೋಣಿ ಹಾಯಿಯ ಕಡೆಗೆ ವಾಲಲಿ, ಇಳಿಯುವಾಗ ಗಾಳಿಯ ಕಡೆಗೆ. ಡ್ಯಾಗರ್‌ಬೋರ್ಡನ್ನೂ (ದೋಣಿಯ ನಡುವಿನಿಂದ ನೀರಿಗಿಳಿಸುವ ಹಲಗೆ) ಮರೆಯುವ ಹಾಗಿಲ್ಲ. ಗಾಳಿಯ ಜೊತೆ ಹೋಗುವಾಗ ಅದನ್ನು ಮೇಲೆತ್ತಿರುತ್ತಾರೆ. ಹಾಗೇ ಬಿಟ್ಟು ಸುತ್ತಿದರೆ ದೋಣಿ ಪಕ್ಕಕ್ಕೆ ಜಾರಿ ಟ್ಯಾಕ್ ಅರ್ಧಕ್ಕೇ ನಿಲ್ಲುತ್ತದೆ. ತೀರಾ ಮೇಲಿದ್ದರಂತೂ ಜೈಬ್‌ನಲ್ಲಿ ಬೂಮಿನ (ಹಾಯಿಯ ಬುಡದ ಅಡ್ಡಕೋಲು) ಕೆಳಗಿನ ಹಗ್ಗ ಅದಕ್ಕೆ ಸಿಕ್ಕಿಕೊಂಡು ಮಗು ನೀರಿಗೆ.

ಒಂದು ಎಚ್ಚರಿಕೆ. ಯಾರು ಕೂಗಿದರೂ ಹೆದರಿ ಸುತ್ತುವ ಚಾಳಿ ಬೇಡ. ಗಂಟಲು ದೊಡ್ಡದಿದ್ದವರೆಲ್ಲ ಹಕ್ಕಿನವರಲ್ಲ. ಸಂದೇಹವಿದ್ದರೆ ಸುತ್ತಲಿ. ದಂಡದ ಸುತ್ತಿನ ನಿಯಮ 44 ಕೇಳುವುದು ‘ಮುರಿದಿರಬಹುದು’ ಎಂಬಷ್ಟೇ, ಸುತ್ತಿದ ಮಾತ್ರಕ್ಕೆ ತಪ್ಪೊಪ್ಪಿಗೆ ಆಗುವುದಿಲ್ಲ. ಆದರೆ ತನ್ನದೇ ಸರಿ ಎಂದು ಖಚಿತವಿದ್ದರೆ ಅವಳೇ ತಕ್ಷಣ ‘ಪ್ರೊಟೆಸ್ಟ್’ ಎಂದು ಕೂಗಲಿ. ಆರು ಮೀಟರಿಗಿಂತ ಚಿಕ್ಕ ದೋಣಿಗೆ ಕೆಂಪು ಬಾವುಟ ಬೇಕಿಲ್ಲ. ಎದುರಿನ ದೋಣಿಯ ಸಂಖ್ಯೆ, ನಡುವಿನ ಅಂತರ ಎಷ್ಟು ದೋಣಿಯುದ್ದ, ಹತ್ತಿರದಲ್ಲಿ ಯಾರಿದ್ದರು, ಇಷ್ಟನ್ನು ನೆನಪಿಟ್ಟರೆ ವಿಚಾರಣೆಗೆ ಸಾಕು.

ರಜೆಗೆ ಊರಿಗೆ ಬಂದಾಗ ದೋಣಿ ಇಲ್ಲದೆ ಏನು ಅಭ್ಯಾಸ ಅಂದಿದ್ದೀರಿ. ಮಳೆಗಾಲದಲ್ಲಿ ನಿಮ್ಮ ಕಾಫಿ ಕಣ ಹೇಗೂ ಖಾಲಿ. ಇದ್ದಿಲಿನಲ್ಲಿ ಗಾಳಿಯ ದಿಕ್ಕಿಗೊಂದು ಬಾಣ ಬರೆದು, ಕೈಯಲ್ಲಿ ಟಿಲ್ಲರಿಗೊಂದು ಕೋಲು, ಇನ್ನೊಂದರಲ್ಲಿ ಹಗ್ಗ ಹಿಡಿದು ಎರಡು ಸುತ್ತು ನಡೆಯಲಿ. ಮುಖ ಗಾಳಿಯನ್ನು ಹಾದಾಗ ಟ್ಯಾಕ್, ಬೆನ್ನು ಹಾದಾಗ ಜೈಬ್ ಎಂದು ಬಾಯಿಬಿಟ್ಟು ಹೇಳಲಿ, ಕೈ ಬದಲಿಸಲಿ. ಪಾಚಿ ಕಟ್ಟಿದ್ದರೆ ಮೊದಲು ಉಜ್ಜಿಸಿ. ಕಣದ ಅಂಚನ್ನೇ ಫಿನಿಶ್ ಗೆರೆ ಮಾಡಿಕೊಂಡು ಇನ್ನೊಂದನ್ನೂ ಕಲಿಸಿ: ಗೆರೆಯ ಹತ್ತಿರ ದಂಡದ ಸುತ್ತು ಹಾಕಿದರೆ, ಇಡೀ ದೋಣಿ ರೇಸಿನ ಕಡೆಗೆ ವಾಪಸ್ ಬಂದು ಆಮೇಲೆ ಗೆರೆ ದಾಟಬೇಕು. ಇಲ್ಲದಿದ್ದರೆ ಅವಳು ರೇಸ್ ಮುಗಿಸಿದಂತೆ ಆಗುವುದಿಲ್ಲ.