ಹುದ್ದೆ ಭರ್ತಿ, ಕುರ್ಚಿ ಖಾಲಿ: ಸರ್ಕಾರಿ ಆಸ್ಪತ್ರೆ ಬಗ್ಗೆ ನಿಮ್ಮ ಪ್ರಶ್ನೆಗಳು

(ಉತ್ತರಿಸುವವರು: ನಿವೃತ್ತ ತಾಲ್ಲೂಕು ಆರೋಗ್ಯಾಧಿಕಾರಿ)

ಪ್ರಶ್ನೆ: ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆ ಮೇಲೆ ಸಿಬ್ಬಂದಿ ಪಟ್ಟಿ ಇದೆ. ಮೂವರು ಸ್ಟಾಫ್ ನರ್ಸ್, ಒಬ್ಬ ಲ್ಯಾಬ್ ಟೆಕ್ನೀಷಿಯನ್, ಒಬ್ಬ ಫಾರ್ಮಸಿಸ್ಟ್. ನಾವು ಹೋದಾಗ ಕಾಣೋದು ಒಬ್ಬರೇ ಸಿಸ್ಟರ್. ಅವರೂ ತಲೆ ಎತ್ತದೆ ಬರೀತಾ ಇರ್ತಾರೆ. ಕೇಳಿದರೆ ‘ಹುದ್ದೆ ಎಲ್ಲ ಭರ್ತಿ ಇದೆ’ ಅಂತಾರೆ. ಉಳಿದವರು ಎಲ್ಲಿ ಸರ್?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಅವರು ಸುಳ್ಳು ಹೇಳುತ್ತಿಲ್ಲ. ಭರ್ತಿ ಅಂದರೆ ಆ ಹುದ್ದೆಯ ಹೆಸರಲ್ಲಿ ಒಬ್ಬರು ಸಂಬಳ ತೆಗೆದುಕೊಳ್ಳುತ್ತಿದ್ದಾರೆ ಅಂತ, ಅಷ್ಟೇ. ಅವರು ದಿನಾ ನಿಮ್ಮೂರಿಗೆ ಬರುತ್ತಾರೆ ಅಂತಲ್ಲ. ನಮ್ಮಲ್ಲಿ ಓಓಡಿ ಅಂತ ಒಂದು ಮಾತಿದೆ, ಕಾಗದದಲ್ಲಿ ಅದು ‘ನಿಯೋಜನೆ’. ನಿಮ್ಮ ಲ್ಯಾಬ್ ಟೆಕ್ನೀಷಿಯನ್ ಸಂಬಳ ನಿಮ್ಮ ಕೇಂದ್ರದ ಲೆಕ್ಕದಲ್ಲಿರುತ್ತದೆ, ಕೆಲಸ ತಾಲ್ಲೂಕು ಆಸ್ಪತ್ರೆಯಲ್ಲಿ. ಅಲ್ಲಿ ಜನ ಇರಲಿಲ್ಲ, ಇಲ್ಲಿಂದ ಎತ್ತಿಕೊಂಡರು. ಇಲ್ಲಿ ಬಿದ್ದ ತೂತು ಮಾತ್ರ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಖಾಲಿ ಅಂತ ತೋರಿಸಿದರೆ ತಾನೇ ಹೊಸಬರನ್ನು ಕೊಡುವುದು?

ಇನ್ನು ನರ್ಸ್‌ಗಳ ಲೆಕ್ಕ. 24 ಗಂಟೆ ತೆರೆದಿರುವ ಕೇಂದ್ರಕ್ಕೆ ಮೂರು ಶಿಫ್ಟ್, ಹಾಗಾಗಿ ಮೂವರು ಸಾಕು ಅನ್ನಿಸುತ್ತದೆ. ಕೂಡಿಸಿ ನೋಡಿ. ವಾರಕ್ಕೆ 21 ಶಿಫ್ಟ್. ವಾರದ ರಜೆ ಬಿಟ್ಟರೆ ಒಬ್ಬರಿಗೆ 6, ಮೂವರಿಗೆ 18. ಯಾರೂ ಹುಷಾರು ತಪ್ಪದಿದ್ದರೂ, ಯಾರೂ ಟ್ರೈನಿಂಗ್‌ಗೆ ಹೋಗದಿದ್ದರೂ, ಪ್ರತಿ ವಾರ ಮೂರು ಶಿಫ್ಟ್‌ಗೆ ಜನ ಇಲ್ಲ. ಒಬ್ಬರು 180 ದಿನದ ಹೆರಿಗೆ ರಜೆ ತೆಗೆದುಕೊಂಡರಂತೂ ಉಳಿದ ಇಬ್ಬರ ಪಾಡು ಕೇಳಬೇಡಿ. ಒಬ್ಬರೇ ಸಿಸ್ಟರ್ ಕಾಣುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ?

ಅವರು ಅಷ್ಟೊಂದು ಏನು ಬರೆಯುತ್ತಾರೆ? ಒಬ್ಬ ಬಸುರಿ ಬಂದಳು ಅಂದುಕೊಳ್ಳಿ. ಅವಳ ಬಿಪಿ, ತೂಕ ಮೊದಲು ತಾಯಿ ಕಾರ್ಡಿಗೆ ಹೋಗಬೇಕು. ಆಮೇಲೆ ರಿಜಿಸ್ಟರ್‌ಗೆ. ಆಮೇಲೆ ತಾಯಿ-ಮಕ್ಕಳ ಆರೋಗ್ಯದ ಸರ್ಕಾರಿ ಜಾಲತಾಣವಾದ ಆರ್‌ಸಿಎಚ್ ಪೋರ್ಟಲ್‌ಗೆ. ತಿಂಗಳ ಕೊನೆಗೆ ಅದೇ ತಪಾಸಣೆ ಎಚ್‌ಎಂಐಎಸ್ (ಆರೋಗ್ಯ ಇಲಾಖೆಯ ಅಂಕಿಅಂಶ ವ್ಯವಸ್ಥೆ) ವರದಿಯಲ್ಲಿ ಒಂದು ಅಂಕಿಯಾಗುತ್ತದೆ. ಆರ್‌ಸಿಎಚ್ ಒಬ್ಬೊಬ್ಬ ತಾಯಿಯನ್ನು ಹೆಸರು ಹಿಡಿದು ಹಿಂಬಾಲಿಸುತ್ತದೆ. 2008ರಲ್ಲಿ ಶುರುವಾದ ಎಚ್‌ಎಂಐಎಸ್‌ಗೆ ಒಟ್ಟು ಎಷ್ಟು ಜನ ಅನ್ನುವುದಷ್ಟೇ ಬೇಕು. ಎರಡಕ್ಕೂ ಅರ್ಥ ಇದೆ. ಆದರೆ ಎರಡನ್ನೂ ತುಂಬುವ ಕೈ ಒಂದೇ, ಇಂಜೆಕ್ಷನ್ ಕೊಡುವ ಕೈಯೂ ಅದೇ.

ನಿಜವಾದ ಲೆಕ್ಕ ಬೇಕಾದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ‘ಸಿಬ್ಬಂದಿ ವಿವರ ಕೊಡಿ’ ಅಂತ ಸುಮ್ನೆ ಕೇಳಬೇಡಿ, ಗೋಡೆ ಮೇಲಿರುವುದನ್ನೇ ಕೊಡುತ್ತಾರೆ. ಮೂರು ಸಂಖ್ಯೆ ಕೇಳಿ: ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಭರ್ತಿಯಾದವರಲ್ಲಿ ನಿಯೋಜನೆ ಮೇಲೆ ಬೇರೆ ಕಡೆ ಇರುವವರು ಎಷ್ಟು. ಮೂರನೆಯದೇ ಮುಖ್ಯ. ನಿಯೋಜನೆ ಆದೇಶದ ಪ್ರತಿಯನ್ನೂ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯದ ಮೇಲೆ ಇರಬೇಕು. ಹಾಗಾಗಿ ದೂರು, ಸಿಟ್ಟು ಯಾವುದನ್ನೂ ಅದರಲ್ಲಿ ಬರೆಯಬೇಡಿ. ಸಿಸ್ಟರ್ ಮೇಲಂತೂ ಬೇಡವೇ ಬೇಡ.

ಪ್ರಶ್ನೆ: ನನ್ನ ಹೆಂಡತಿಯ ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗಿತ್ತು. ಈಗ ಬೇರೆ ಡಾಕ್ಟರ್ ಹಳೇ ಕೇಸ್ ಶೀಟ್ ಕೇಳ್ತಿದ್ದಾರೆ. ಆಸ್ಪತ್ರೆಯವರು ‘ಕೊಡೋಕೆ ರೂಲ್ಸ್ ಇಲ್ಲ’ ಅಂತಿದ್ದಾರೆ.
– ಓದುಗರು, ಕೊಪ್ಪಳ

ಉತ್ತರ: ರೂಲ್ಸ್ ಇದೆ. 2002ರ ವೈದ್ಯಕೀಯ ಪರಿಷತ್ತಿನ ನಿಯಮಾವಳಿ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನಿಮ್ಮ ಹೆಂಡತಿಯ ಸಹಿಯಿರುವ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಡಿಸ್ಚಾರ್ಜ್ ಚೀಟಿಯಲ್ಲಿ ಐಪಿ ನಂಬರ್, ಅಂದರೆ ಒಳರೋಗಿ ಸಂಖ್ಯೆ ಇರುತ್ತದೆ, ಅದನ್ನೂ ಬರೆಯಿರಿ. ಬರೀ ಹೆಸರು ಕೊಟ್ಟರೆ ರೆಕಾರ್ಡ್ ರೂಮಿನ ಗಂಟುಗಳಲ್ಲಿ ಯಾರೂ ಹುಡುಕುವುದಿಲ್ಲ. ಓಪಿಡಿ (ಹೊರರೋಗಿ) ಚೀಟಿ ಹಾಗಲ್ಲ, ಅದು ನಿಮ್ಮ ಕೈಯಲ್ಲೇ ಇರುವಂಥದ್ದು. ಕೊಟ್ಟ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಸರ್, ನಾನು ಆರೋಗ್ಯ ಉಪಕೇಂದ್ರದಲ್ಲಿ ಕೆಲಸ ಮಾಡ್ತೀನಿ. ಪಕ್ಕದ ಉಪಕೇಂದ್ರದ ಇನ್‌ಚಾರ್ಜ್ ಕೂಡ ನನಗೇ. ರಿಜಿಸ್ಟರ್‌ನಲ್ಲಿ ಕಾಲಂ ಖಾಲಿ ಬಿಟ್ಟರೆ ಕಾರಣ ಕೇಳಿ ಮೆಮೋ ಬರುತ್ತೆ. ಸುಳ್ಳು ತುಂಬಿಸೋಕೆ ಮನಸ್ಸಾಗಲ್ಲ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಅಮ್ಮಾ, ಬಯಲು ಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಅಂತ ಲೆಕ್ಕ. ಎರಡನ್ನು ಒಬ್ಬರ ಹೆಗಲಿಗೆ ಹಾಕಿ ವರದಿ ಮಾತ್ರ ಎರಡು ಕೇಳುತ್ತಾರೆ ಅಂದರೆ ಸುಳ್ಳು ಹುಟ್ಟುವುದೇ ಅಲ್ಲಿ.

ಒಂದು ಸಲ ಉಪಕೇಂದ್ರವೊಂದರ ರಿಜಿಸ್ಟರ್ ನೋಡುತ್ತಿದ್ದೆ. ಎರಡು ಪುಟದ ಬಸುರಿಯರಿಗೆಲ್ಲ ಬಿಪಿ 110/70. ಅಕ್ಷರ ಮುತ್ತಿನಂತಿತ್ತು. ‘ಬಿಪಿ ಯಂತ್ರ ತೋರಿಸಮ್ಮ’ ಅಂದೆ. ಬೀರುವಿನಿಂದ ತಂದರು. ರಬ್ಬರ್ ಟ್ಯೂಬ್ ಸೀಳಿತ್ತು, ಎರಡು ತಿಂಗಳಾಯಿತಂತೆ. ‘ಖಾಲಿ ಬಿಟ್ಟರೆ ಮೀಟಿಂಗ್‌ನಲ್ಲಿ ಬೈತಾರೆ ಸರ್’ ಅಂದರು. ಮೀಟಿಂಗ್‌ನಲ್ಲಿ ಬೈಯುತ್ತಿದ್ದವನು ನಾನೇ. ಆ ಎರಡು ಪುಟದಲ್ಲಿ ಯಾರಿಗಾದರೂ ಬಿಪಿ 150 ದಾಟಿದ್ದರೆ ನಮ್ಮಿಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಆಮೇಲಿಂದ ನನಗೆ ಅಂದವಾದ ರಿಜಿಸ್ಟರ್ ಕಂಡರೇ ಅನುಮಾನ. ಭಾನುವಾರ ಬೀಗ ಹಾಕಿದ್ದ ಕಡೆಯೂ ಲಸಿಕೆ ಫ್ರಿಜ್ಜಿನ ಟೆಂಪರೇಚರ್ ಬೆಳಿಗ್ಗೆ 4 ಡಿಗ್ರಿ, ಸಂಜೆ 4 ಡಿಗ್ರಿ. ಹುಟ್ಟಿದ ಮಕ್ಕಳ ತೂಕ ಸಾಲುಸಾಲಾಗಿ 2.5 ಕೆಜಿ, ಯಾಕೆಂದರೆ ಅದಕ್ಕಿಂತ ಕಡಿಮೆ ಆದರೆ ‘ಕಡಿಮೆ ತೂಕದ ಮಗು’ ಅಂತ ಪ್ರತಿ ವಾರ ಉತ್ತರ ಹೇಳಬೇಕಲ್ಲ.

ನೀವು ಹೀಗೆ ಮಾಡಿ. ಖಾಲಿ ಬಿಡಬೇಡಿ, ಸುಳ್ಳೂ ಬರೆಯಬೇಡಿ. ‘ಯಂತ್ರ ಕೆಟ್ಟಿದೆ, ನೋಡಿಲ್ಲ’ ಅಂತ ಆ ಕಾಲಂನಲ್ಲೇ ಬರೆದು ಸಹಿ ಹಾಕಿ. ಅದೇ ದಿನ ವೈದ್ಯಾಧಿಕಾರಿಗೆ ಇಂಡೆಂಟ್ (ಬೇಡಿಕೆ ಪತ್ರ) ಕೊಟ್ಟು, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಸೊನ್ನೆ ಬೇರೆ, ಖಾಲಿ ಬೇರೆ: ಸೊನ್ನೆ ಅಂದರೆ ನೋಡಿದೆ, ಯಾರೂ ಇರಲಿಲ್ಲ ಅಂತ. ನೋಡದೇ ಸೊನ್ನೆ ಹಾಕಬೇಡಿ. ತಪ್ಪಾದರೆ ವೈಟ್ನರ್ ಬಳಿಯಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಇನ್‌ಚಾರ್ಜ್ ಆದೇಶ ಬಾಯಿಮಾತಿನಲ್ಲಿದ್ದರೆ ಬರಹದಲ್ಲಿ ಕೇಳಿ, ಮತ್ತು ಆ ಊರಿಗೆ ಯಾವ ದಿನ ಹೋದಿರಿ ಅನ್ನುವುದು ಡೈರಿಯಲ್ಲಿರಲಿ. ಎರಡು ಕಡೆ ಒಂದೇ ದಿನ ಲಸಿಕೆ ಹಾಕಿದಂತೆ ತೋರಿಸಲು ಯಾರಾದರೂ ಹೇಳಿದರೆ ಆ ಡೈರಿಯನ್ನೇ ಮುಂದಿಡಿ.

ಮೆಮೋ ಬಂದರೆ ಹೆದರಬೇಡಿ. ಸೀಲ್ ಇರುವ ಇಂಡೆಂಟ್ ಪ್ರತಿಯನ್ನು ಉತ್ತರದ ಜೊತೆ ಲಗತ್ತಿಸಿ ಕೊಡಿ.